ಕರಿಯಣ್ಣನ ಹಾಜರಿ

ತರೀಕೆರೆಯ ಸಾಮಿಲ್ಲಿಗೆ ಓಂಕಾರಮೂರ್ತಿ ಮ್ಯಾನೇಜರಾಗಿ ಬಂದದ್ದು ಎಪ್ಪತ್ತಾರನೇ ಇಸವಿಯ ಮಳೆಗಾಲದ ಕೊನೆಯಲ್ಲಿ. ಹಿಂದೆ ಇದ್ದ ಮ್ಯಾನೇಜರು ವಯಸ್ಸಾಯಿತೆಂದು ಬಿಟ್ಟುಹೋಗಿದ್ದರು. ಕೆಲವು ವಾರ ಮಿಲ್ಲು ಹೇಳುವವರು ಕೇಳುವವರಿಲ್ಲದೆ ನಡೆದಿತ್ತು. ಯಜಮಾನರಾದ ತೀರ್ಥಪ್ಪನವರು ಇದ್ದದ್ದು ಕಡೂರಿನಲ್ಲಿ. ಅಲ್ಲಿ ಅವರಿಗೆ ಕೊಬ್ಬರಿ ಮಂಡಿ ಇತ್ತು. ಯಾವಾಗಲಾದರೂ ಬಂದು ದಿಮ್ಮಿಗಳ ಸುತ್ತ ಒಂದು ಸುತ್ತು ಹಾಕಿ ಹೋಗುತ್ತಿದ್ದರೇ ಹೊರತು ಆಳುಗಳ ಮುಖ ನೋಡುವ ಅಭ್ಯಾಸ ಅವರಿಗಿರಲಿಲ್ಲ.

ಓಂಕಾರಮೂರ್ತಿಯವರ ಊರು ಅಜ್ಜಂಪುರ. ಹೆಂಡತಿ ವಿಮಲಮ್ಮನನ್ನು ಅಲ್ಲೇ ಬಿಟ್ಟು ತರೀಕೆರೆಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದರು. ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಹೋದರೆ ಸೋಮವಾರ ಬೆಳಗ್ಗೆ ವಾಪಸು. ಮನುಷ್ಯ ಒಳ್ಳೆಯವರು, ಆದರೆ ಸುಳ್ಳು ಹೇಳುವವರನ್ನು ಕಂಡರೆ ಆಗುತ್ತಿರಲಿಲ್ಲ. ಹಿಂದಿನ ಕೆಲಸದಲ್ಲಿ ಜ್ವರವೆಂದು ಹೇಳಿ ಸಂತೆಗೆ ಹೋಗಿದ್ದ ಗುಮಾಸ್ತನೊಬ್ಬನನ್ನು ನಿಂತ ನಿಲುವಿನಲ್ಲಿ ಮನೆಗೆ ಕಳಿಸಿದವರು. ಆ ಸುದ್ದಿ ಅವರಿಗಿಂತ ಮೊದಲೇ ತರೀಕೆರೆಗೆ ಬಂದಿತ್ತು.

ಬೆಳಗ್ಗೆ ಸೀಟಿ ಕೂಗಿದ ಮೇಲೆ ಹಾಜರಿ. ಮ್ಯಾನೇಜರು ಆಫೀಸಿನ ಮೆಟ್ಟಿಲ ಮೇಲೆ ನಿಂತು ಒಂದೊಂದೇ ಹೆಸರು ಕೂಗುವುದು, ಅಂಗಳದಲ್ಲಿ ನಿಂತವರು ‘ಇದೀನಿ ಸಾರ್’ ಅನ್ನುವುದು. ಕರಿಯಣ್ಣ ಎಂದು ಕೂಗಿದಾಗ ಓಗೊಡುತ್ತಿದ್ದವನು ಗರಗಸದ ಬಾಯಿಗೆ ದಿಮ್ಮಿ ಕೊಡುವ ಕೆಲಸದವನು. ತೆಳ್ಳಗಿನ ಆಳು, ಮಾತು ಕಡಿಮೆ, ಕೆಲಸದಲ್ಲಿ ಒಂದು ತಪ್ಪಿಲ್ಲ. ಓಂಕಾರಮೂರ್ತಿಗೆ ಅವನನ್ನು ಕಂಡರೆ ಮೊದಲಿನಿಂದಲೂ ವಿಶ್ವಾಸ.

ಆದರೆ ಅವನ ವಿಷಯದಲ್ಲಿ ಏನೋ ಒಂದು ಸರಿ ಇರಲಿಲ್ಲ. ಬೇರೆ ಆಳುಗಳು ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಏ ಇವ್ನೇ’ ಅನ್ನುತ್ತಿದ್ದರು, ಇಲ್ಲವೇ ಚಪ್ಪಾಳೆ ತಟ್ಟುತ್ತಿದ್ದರು. ಮಧ್ಯಾಹ್ನ ಎಲ್ಲರೂ ಶೆಡ್ಡಿನ ನೆರಳಿಗೆ ಸಾಲಾಗಿ ಬುತ್ತಿ ಬಿಚ್ಚಿ ಕೂತರೆ ಅವನ ಎಡಪಕ್ಕದಲ್ಲಿ ಒಬ್ಬ ಕೂರುವಷ್ಟು ಜಾಗ ಖಾಲಿ. ಅವನು ಮುದ್ದೆ ಮುರಿದು ಮೊದಲ ತುಂಡನ್ನು ಡಬ್ಬಿಯ ಮುಚ್ಚಳದಲ್ಲಿಟ್ಟು ಆ ಖಾಲಿ ಜಾಗದ ಕಡೆ ಸರಿಸಿ, ಆಮೇಲೆ ತಾನು ಉಣ್ಣುತ್ತಿದ್ದ. ಹೊರಗಿನ ನಲ್ಲಿಯಲ್ಲಿ ಕೈ ತೊಳೆಯಲು ಹೋಗುವಾಗ ಒಂದು ದಿನ ಓಂಕಾರಮೂರ್ತಿ ಇದನ್ನು ನೋಡಿದರು. ಮನೆದೇವರಿಗೆ ಎತ್ತಿಡುತ್ತಾನೇನೋ ಅಂದುಕೊಂಡು ಸುಮ್ಮನಾದರು.

ಮಾಗಿಯ ಚಳಿ ಶುರುವಾದ ಮೇಲೆ ಇನ್ನೊಂದು ನಡೆಯಿತು. ಕೆಮ್ಮಣ್ಣುಗುಂಡಿಯ ಕಡೆಯಿಂದ ಇಳಿದ ಮಂಜು ಹೊತ್ತು ಏರುವವರೆಗೂ ಅಂಗಳದಲ್ಲೇ ಕೂತಿರುತ್ತಿತ್ತು. ಅಂಥ ಒಂದು ಬೆಳಗ್ಗೆ ‘ಕರಿಯಣ್ಣ’ ಎಂದು ಕೂಗಿದರೆ ‘ಇದೀನಿ ಸಾರ್’ ಎಂಬುದು ದಿಮ್ಮಿಗಳ ರಾಶಿಯ ಹಿಂದಿನಿಂದ ಬಂತು. ದನಿ ದಪ್ಪಗಿತ್ತು, ಸ್ವಲ್ಪ ಒಡೆದಿತ್ತು. ಓಂಕಾರಮೂರ್ತಿ ಅತ್ತ ನೋಡಿ ಈಚೆ ತಿರುಗಿದರೆ ಆ ಆಳು ಮೆಟ್ಟಿಲ ಎದುರಿಗೇ ನಿಂತಿದ್ದಾನೆ. ತುಟಿ ಬಿಗಿದಿದ್ದ. ತಗಡಿನ ಗೋಡೆಗೆ ಬಡಿದು ದನಿ ಅತ್ತ ಕೇಳಿಸಿರಬೇಕು ಎಂದು ಅವರು ಮುಂದಿನ ಹೆಸರಿಗೆ ಹೋದರು. ಆದರೆ ಆ ದಿನವೆಲ್ಲ ಗರಗಸದ ಸದ್ದಿನ ನಡುವೆ ಆ ದನಿ ಕಿವಿಯಲ್ಲೇ ಉಳಿಯಿತು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಾಗ ಅವನಿಗೆ ಜ್ವರ ಬಂತು. ದಿಮ್ಮಿ ಹಿಡಿದವನು ಹಿಡಿದಂತೆಯೇ ಕುಸಿದು ಕೂತ. ಮಿಸ್ತ್ರಿ ಈರಣ್ಣ ಅವನನ್ನು ಅವನ ಊರಾದ ಶಿವನಿಗೆ ಬಸ್ಸು ಹತ್ತಿಸಿ ಬಂದ. ವಾರ ಮುಗಿದರೂ ಅವನ ಸುದ್ದಿ ಇಲ್ಲ. ಶಿವನಿ ಅಜ್ಜಂಪುರಕ್ಕೆ ಹತ್ತಿರವೇ. ಭಾನುವಾರ ತಾನೇ ಹೋಗಿ ನೋಡಿಕೊಂಡು ಬರುವುದಾಗಿ ಓಂಕಾರಮೂರ್ತಿ ಹೇಳಿದಾಗ ಈರಣ್ಣನ ಮುಖ ಬಿಳುಚಿತು. ಯಾಕೆ ಸುಮ್ಮನೆ ತೊಂದರೆ, ಅವನೇ ಬರುತ್ತಾನೆ, ಅವರ ಕೇರಿಗೆಲ್ಲ ನೀವು ಹೋಗುವುದು ಚೆನ್ನಾಗಿರುವುದಿಲ್ಲ ಎಂದೆಲ್ಲ ಹೇಳಿ ನೋಡಿದ. ಜಾತಿಯ ಮಾತು ಬಂದದ್ದಕ್ಕೆ ಓಂಕಾರಮೂರ್ತಿಗೆ ಹಟವೇ ಬಂದುಬಿಟ್ಟಿತು.

ಭಾನುವಾರ ಮೂಸಂಬಿ ಕಟ್ಟಿಸಿಕೊಂಡು ರೈಲಿನಲ್ಲಿ ಶಿವನಿಗೆ ಹೋಗಿ ಇಳಿದರು. ಕೇರಿಯ ಮೊದಲ ಮನೆಯ ಮುಂದೆ ಒಬ್ಬ ಮುದುಕಿ ಹುಣಸೆಹಣ್ಣು ಬಡಿಯುತ್ತಿದ್ದಳು. ತರೀಕೆರೆ ಸಾಮಿಲ್ಲಿನ ಕರಿಯಣ್ಣನ ಮನೆ ಯಾವುದು ಎಂದು ಕೇಳಿದರು. ಮುದುಕಿ ಬಡಿಯುವುದನ್ನು ನಿಲ್ಲಿಸಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮನೆಗಳ ಕಡೆಗಲ್ಲ, ಕೆರೆ ಏರಿಯ ಆಚೆಗೆ ಕೈ ತೋರಿಸಿದಳು.

“ಕರಿಯಣ್ಣ ಅಲ್ಲವ್ನೆ” ಅಂದಳು.

ಹೊಲದಲ್ಲಿ ಕೆಲಸದಲ್ಲಿದ್ದಾನೇನೋ, ಹಾಗಾದರೆ ಜ್ವರ ಬಿಟ್ಟಿರಬೇಕು ಎಂದುಕೊಂಡು ಓಂಕಾರಮೂರ್ತಿ ಏರಿ ದಾಟಿದರು. ಅತ್ತ ಹೊಲವೂ ಇರಲಿಲ್ಲ, ಜನವೂ ಇರಲಿಲ್ಲ. ಒಂದು ಹೊಂಗೆಮರ, ಅದರ ಆಚೆ ಅಲ್ಲಲ್ಲಿ ಮಣ್ಣಿನ ಗುಡ್ಡೆಗಳು. ಎಲ್ಲ ಗುಡ್ಡೆಗಳೂ ಹಳೆಯವು, ಮಳೆಗೆ ಕೂತು ಹುಲ್ಲು ಬೆಳೆದಿದ್ದವು. ಒಂದರ ಮೇಲೆ ಮಾತ್ರ ಮುಳ್ಳಿನ ಕಂಟಿ ಹೇರಿ ಕಲ್ಲು ಇಟ್ಟಿದ್ದರು. ಅದರ ಮಣ್ಣು ಇನ್ನೂ ಸಡಿಲವಾಗಿತ್ತು, ಯಾರೋ ಆಗಾಗ ಕೆದಕಿದ ಹಾಗೆ.

“ಯಾರು ಬೇಕಾಗಿತ್ತು ಸ್ವಾಮಿ?”

ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಹಣೆಯಲ್ಲಿ ಕುಂಕುಮವಿಲ್ಲ, ಕೈಯಲ್ಲಿ ಬಳೆಯಿಲ್ಲ. ಓಂಕಾರಮೂರ್ತಿ ತಾನು ತರೀಕೆರೆಯ ಮಿಲ್ಲಿನಿಂದ ಬಂದವನೆಂದರು. ಅವಳು ಬೆಚ್ಚಲಿಲ್ಲ, ಅಳಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದವರು ಕೊನೆಗೂ ಬಂದರು ಎನ್ನುವ ಹಾಗೆ ಏರಿಯ ಮೇಲೆ ಕೂತಳು. ಅವಳು ಭಾಗಮ್ಮ, ಕರಿಯಣ್ಣನ ಹೆಂಡತಿ.

ಅವಳು ಹೇಳಿದ್ದು ಇಷ್ಟು. ಕರಿಯಣ್ಣ ಹೋದ ಮಳೆಗಾಲದಲ್ಲಿ ಕಾಮಾಲೆಯಾಗಿ ಸತ್ತಿದ್ದ. ಮಣ್ಣು ಮಾಡಿದ್ದಾಯಿತು. ಮಿಲ್ಲಿಗೆ ತಿಳಿಸಿ ಬರಲೆಂದು ತಮ್ಮ ಮುನಿಯಪ್ಪ ತರೀಕೆರೆಗೆ ಹೋದ. ಹೋದವನು ವಾರ ಕಳೆದು ವಾಪಸು ಬಂದಾಗ ಅಣ್ಣನ ಕೆಲಸದಲ್ಲಿದ್ದ, ಅಣ್ಣನ ಹೆಸರಿನಲ್ಲಿ. ಮನೆಯಲ್ಲಿ ಮೂರು ಮಕ್ಕಳು. ತಪ್ಪೆಂದು ಗೊತ್ತಿದ್ದೂ ಭಾಗಮ್ಮ ಸುಮ್ಮನಾದಳು. ತಿಥಿ ಮಾಡಿದರೆ ನೆಂಟರಿಷ್ಟರಿಗೆಲ್ಲ ಹೇಳಬೇಕು, ಸುದ್ದಿ ತರೀಕೆರೆ ಮುಟ್ಟುತ್ತದೆ. ಹಾಗಾಗಿ ತಿಥಿಯನ್ನೂ ಮಾಡಲಿಲ್ಲ.

ಓಂಕಾರಮೂರ್ತಿಗೆ ಮೈ ಉರಿಯಿತು. ತಾನು ಅಷ್ಟು ವಿಶ್ವಾಸವಿಟ್ಟವನು ದಿನವೂ ಎದುರಿಗೆ ನಿಂತು ಮೋಸ ಮಾಡಿದ್ದ. ಮಿಲ್ಲಿನವರೆಲ್ಲ ಅದನ್ನು ನೋಡಿಕೊಂಡು ಬಾಯಿ ಮುಚ್ಚಿದ್ದರು. ಅವನನ್ನು ಕೆಲಸದಿಂದ ತೆಗೆಯುವುದಷ್ಟೇ ಅಲ್ಲ, ಪೊಲೀಸರಿಗೂ ಹೇಳಬೇಕಾಗುತ್ತದೆ ಎಂದರು. ಭಾಗಮ್ಮ ಬೇಡಿಕೊಳ್ಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದು ಅವರ ಮನಸ್ಸಿನಲ್ಲಿತ್ತು. ಅವಳು ತಲೆ ಎತ್ತಿ ಅವರನ್ನು ನೋಡಿದಳು.

“ಏನಾರ ಮಾಡಿ ಸ್ವಾಮಿ. ಆದ್ರೆ ನಾಳೆಯಿಂದ ಅವ್ರ ಹೆಸರು ಕೂಗ್‌ಬ್ಯಾಡಿ.”

ಅವರಿಗೆ ಅರ್ಥವಾಗಲಿಲ್ಲ.

“ಬೆಳಗ್ಗೆ ನೀವು ಅಲ್ಲಿ ಕೂಗೋ ಹೊತ್ತಿಗೆ ಇಲ್ಲಿ ಅವ್ರು ಏಳ್ತಾರೆ. ಹಿತ್ತಲಲ್ಲಿ ಚೊಂಬಿನ ಸದ್ದಾಗ್ತದೆ, ಮುಖ ತೊಳೀತಾರೆ. ಬಾಗಿಲ ತಾವ ಬಂದು ಬುತ್ತಿಗೆ ನಿಂತ್ಕಂತಾರೆ. ಮೊದಮೊದ್ಲು ನಾನು ಹೆದರ್ತಿದ್ದೆ. ಈಗ ಪಾಪ ಅನ್ಸುತ್ತೆ. ಸತ್ತ ಮ್ಯಾಲೂ ಡ್ಯೂಟಿ ತಪ್ಪಲಿಲ್ಲವಲ್ಲ ಅಂತ.”

ಹೇಳುವಾಗ ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ನೀರು ಕಾಯಿಸಿದೆ, ಒಲೆ ಆರಿಸಿದೆ ಎಂದಂತೆ ಹೇಳಿದಳು. ಓಂಕಾರಮೂರ್ತಿ ಲಿಂಗ ಕಟ್ಟಿದ ಎದೆಯ ಮೇಲೆ ಕೈ ಇಟ್ಟುಕೊಂಡರು.

ಮನೆಯಲ್ಲಿ ಮುನಿಯಪ್ಪ ಚಾಪೆಯ ಮೇಲೆ ಮಲಗಿದ್ದ. ಮ್ಯಾನೇಜರನ್ನು ನೋಡಿ ಎದ್ದು ಕೂರಲು ಹೋಗಿ ಗೋಡೆಗೆ ಒರಗಿದ. ಕೂಗಾಡಬೇಕೆಂದು ಬಂದಿದ್ದ ಓಂಕಾರಮೂರ್ತಿಗೆ ಆ ಬಾಡಿದ ಮುಖ ನೋಡಿದ ಮೇಲೆ ಒಂದೇ ಪ್ರಶ್ನೆ ಉಳಿಯಿತು. ನಿನ್ನ ಹೆಸರೇನು ಎಂದು ಕೇಳಿದರು.

ಅವನು ಬಹಳ ಹೊತ್ತು ಯೋಚಿಸಿದ. “ಕರಿಯಣ್ಣ” ಅಂದ.

“ಸಾರ್‌ಗೆ ಎಲ್ಲ ಗೊತ್ತಾಗೈತೆ ಕಣೋ, ನಿಜ ಹೇಳು” ಎಂದಳು ಭಾಗಮ್ಮ.

ಅವನ ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳಿ ಸಿಕ್ಕಿಬಿದ್ದವನ ಅಳು ಅದಾಗಿರಲಿಲ್ಲ, ಸಂತೆಯಲ್ಲಿ ಮನೆಯವರನ್ನು ಕಳೆದುಕೊಂಡವನ ಅಳುವಿನಂತಿತ್ತು. ಆಮೇಲೆ ಬಿಟ್ಟು ಬಿಟ್ಟು ಹೇಳಿದ. ಅವನು ಮಿಲ್ಲಿಗೆ ಬಂದದ್ದು ಅಣ್ಣ ಸತ್ತನೆಂದು ಹೇಳಿಹೋಗಲಿಕ್ಕೇ. ಅದು ಓಂಕಾರಮೂರ್ತಿ ಮೊದಲ ಸಲ ಹಾಜರಿ ಕೂಗುತ್ತಿದ್ದ ಬೆಳಗ್ಗೆ. ಹೊಸ ಮ್ಯಾನೇಜರು ಕೂಗಿ ಮುಗಿಸಲಿ, ಆಮೇಲೆ ಹೋಗಿ ಹೇಳೋಣ ಎಂದು ಗೇಟಿನ ಹತ್ತಿರ ನಿಂತಿದ್ದ.

“ನೀವು ಅಣ್ಣನ ಹೆಸರು ಕೂಗಿದ್ರಿ ಸಾರ್. ಇದೀನಿ ಅಂತ ಕೇಳಿಸ್ತು. ನನ್ನ ಬಾಯಿಂದ್ಲೇ ಬಂತು ಅನ್ಕಂಡೆ. ಎಲ್ರೂ ನನ್ನೇ ನೋಡಿದ್ರು. ನಾನು ಬಾಯಿ ತೆಗೆದಿದ್ನೋ ಇಲ್ವೋ, ಇವತ್ತಿಗೂ ನಂಗೊತ್ತಿಲ್ಲ.”

ಆ ಮೇಲೆ ಇಲ್ಲವೆನ್ನುವ ಧೈರ್ಯ ಬರಲಿಲ್ಲ, ಮಕ್ಕಳ ಹೊಟ್ಟೆಯೂ ಕಣ್ಣ ಮುಂದಿತ್ತು ಎಂದ. ಕೂಗಿದಾಗ ಕೆಲವು ದಿನ ತಾನು ಓಗೊಡುತ್ತಿದ್ದುದು ನಿಜ. ಕೆಲವು ದಿನ ತಾನು ಬಾಯಿ ತೆರೆಯುವ ಮೊದಲೇ ಉತ್ತರ ಬಂದಿರುತ್ತಿತ್ತು.

ಮೂಸಂಬಿಯ ಚೀಲವನ್ನು ಮಕ್ಕಳ ಕೈಗೆ ಕೊಟ್ಟು ಓಂಕಾರಮೂರ್ತಿ ಹೊರಟರು. ಮನೆಗೆ ಬಂದು ವಿಮಲಮ್ಮನಿಗೂ ಏನೂ ಹೇಳಲಿಲ್ಲ. ಸೋಮವಾರ ತರೀಕೆರೆಗೆ ಹೋಗದೆ ನೇರ ಕಡೂರಿಗೆ ಹೋದರು. ಯಜಮಾನರಿಗೆ ತಿಳಿಸದೆ ಒಂದು ಹೆಜ್ಜೆ ಇಡುವವರಲ್ಲ ಅವರು. ದನಿಯ ವಿಷಯ ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದರು.

ತೀರ್ಥಪ್ಪನವರು ಕೊಬ್ಬರಿಯ ರಾಶಿಯ ಪಕ್ಕ ಕುರ್ಚಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಾ ಕೇಳಿದರು. ಆ ಆಳು ಕೆಲಸ ಸರಿಯಾಗಿ ಮಾಡುತ್ತಾನೋ ಎಂದು ವಿಚಾರಿಸಿದರು. ಮಾಡುತ್ತಾನೆ ಎಂದಾಗ ಹಾಗಾದರೆ ತಮಗೇನು ಕಷ್ಟ ಎಂದು ನಕ್ಕರು. ಕರಿಯಣ್ಣ ಸತ್ತನೆಂದು ಒಪ್ಪಿಕೊಂಡರೆ ಅವನ ಹೆಂಡತಿಗೆ ಕೊಡಬೇಕಾದ್ದೆಲ್ಲ ಕೊಡಬೇಕಾಗುತ್ತದೆ. ಈಗ ಆ ತಮ್ಮ ನಮ್ಮ ಹಿಡಿತದಲ್ಲಿದ್ದಾನೆ, ತುಟಿ ಬಿಚ್ಚದೆ ದುಡಿಯುತ್ತಾನೆ.

“ಅದೇ ಹೆಸ್ರು ಕೂಗ್ಕಂಡು ಹೋಗಪ್ಪಾ. ಸತ್ತೋನು ಯೂನಿಯನ್ ಸೇರಲ್ಲ” ಎಂದರು ತೀರ್ಥಪ್ಪನವರು.

ಬೀರೂರಿನ ಮೇಲೆ ತರೀಕೆರೆಗೆ ಬರುವ ದಾರಿಯುದ್ದಕ್ಕೂ ಓಂಕಾರಮೂರ್ತಿಗೆ ಆ ನಗು ಕಾಡಿತು. ಮುನಿಯಪ್ಪನ ಸುಳ್ಳಿಗೆ ಬಂದಿದ್ದ ಸಿಟ್ಟು ಎಲ್ಲಿಗೆ ಹೋಯಿತೋ ಅವರಿಗೇ ತಿಳಿಯಲಿಲ್ಲ. ಸಂಜೆ ಈರಣ್ಣನನ್ನು ಆಫೀಸಿಗೆ ಕರೆಸಿ ಕೇಳಿದರು. ಅವನು ತಲೆ ತಗ್ಗಿಸಿ ನಿಂತ. ಮೊದಲು ಮಕ್ಕಳ ಮುಖ ನೋಡಿ ಸುಮ್ಮನಿದ್ದೆವು, ಆಮೇಲೆ ಭಯಕ್ಕೆ ಸುಮ್ಮನಿದ್ದೆವು ಎಂದ. ಕರಿಯಣ್ಣನ ದನಿ ಮಿಲ್ಲಿನ ಎಲ್ಲರಿಗೂ ಗೊತ್ತು ಸಾರ್, ನಿಮಗೊಬ್ಬರಿಗೇ ಗೊತ್ತಿಲ್ಲ ಎಂದೂ ಸೇರಿಸಿದ.

ಜ್ವರ ಇಳಿದು ಮುನಿಯಪ್ಪ ವಾಪಸು ಬಂದ ದಿನ ಬೆಳಗ್ಗೆ ಮಂಜೂ ಇರಲಿಲ್ಲ, ಮೋಡವೂ ಇರಲಿಲ್ಲ. ಸೀಟಿ ಕೂಗಿತು. ಓಂಕಾರಮೂರ್ತಿ ಮೆಟ್ಟಿಲ ಮೇಲೆ ನಿಂತು ಹೆಸರು ಕೂಗುತ್ತಾ ಹೋದರು. ಕರಿಯಣ್ಣನ ಸರದಿ ಬಂದಾಗ ಆ ಹೆಸರು ಕೂಗದೆ ಸ್ವಲ್ಪ ಹೊತ್ತು ನಿಂತರು. ಮುನಿಯಪ್ಪ ಬಿಸಿಲಿನಲ್ಲಿ ಎದುರಿಗೇ ನಿಂತಿದ್ದ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದ.

ದಿಮ್ಮಿಗಳ ಹಿಂದಿನಿಂದ ಆ ಒಡಕು ದನಿ ಬಂತು. “ಇದೀನಿ ಸಾರ್.”

ಈರಣ್ಣ ತಲೆಗೆ ಸುತ್ತಿದ್ದ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಓಂಕಾರಮೂರ್ತಿಗೆ ಆಫೀಸಿನೊಳಕ್ಕೆ ಹೋಗಿಬಿಡಬೇಕೆನ್ನಿಸಲಿಲ್ಲ. ತನ್ನ ಕೈಕೆಳಗಿನವನು ಓಗೊಟ್ಟಿದ್ದಾನೆ, ಅವನಿಗೆ ಉತ್ತರ ಕೊಡಬೇಕಾದವನು ತಾನೇ ಎನ್ನುವುದಷ್ಟೇ ಮನಸ್ಸಿಗೆ ಬಂತು.

“ಕರಿಯಣ್ಣ, ನಿನ್ನ ಕೆಲಸ ಮುಗೀತು ಕಣಪ್ಪಾ. ಮಾಡಿದ್ದು ಸಾಕು. ನಿನ್ನ ಹೆಂಡ್ತಿ ಮಕ್ಕಳಿಗೆ ಬರ್ಬೇಕಾದ್ದನ್ನ ನಾನು ಕೊಡಿಸ್ತೀನಿ. ನೀನು ಮನೆಗೆ ಹೋಗು” ಎಂದರು.

ಆಮೇಲೆ ಮುನಿಯಪ್ಪ ಎಂದು ಕೂಗಿದರು. ಅವನು ಬಾಯಿಂದ ಕೈ ತೆಗೆದ, ಆದರೆ ಮಾತು ಹೊರಡಲಿಲ್ಲ. ಮತ್ತೆ ಮತ್ತೆ ಕೂಗಬೇಕಾಯಿತು. ಕೊನೆಗೆ ಬಂದ ದನಿ ಸಣ್ಣಗೆ, ಹುಡುಗನದಂತೆ ಇತ್ತು. ಅಣ್ಣನ ಹೆಸರಿಗೆ ಓಗೊಟ್ಟಾಗ ಒಮ್ಮೆಯೂ ಕೇಳದಿದ್ದ ದನಿ.

ಅದೇ ದಿನ ಓಂಕಾರಮೂರ್ತಿ ಅವನನ್ನು ಕೂರಿಸಿಕೊಂಡು ಸ್ಪಷ್ಟವಾಗಿ ಮಾತಾಡಿದರು. ಮಾಡಿದ್ದು ತಪ್ಪು, ತಪ್ಪನ್ನು ತಪ್ಪಲ್ಲವೆನ್ನಲು ತನ್ನಿಂದಾಗದು. ಅಣ್ಣನ ಖಾಯಂ ಕೆಲಸ ಅವನಿಗೆ ಸಿಗುವುದಿಲ್ಲ, ಇವತ್ತು ಗೇಟಿಗೆ ಬಂದ ಹೊಸ ಆಳಿನಂತೆ ದಿನಗೂಲಿಗೆ ಸೇರಬೇಕು. ಪೊಲೀಸಿನ ಮಾತು ಎತ್ತಲಿಲ್ಲ. ಮುನಿಯಪ್ಪ ಎಲ್ಲಕ್ಕೂ ತಲೆಯಾಡಿಸಿದ.

ಅಷ್ಟಕ್ಕೇ ಮುಗಿಯಿತೆಂದು ಎಲ್ಲರೂ ತಿಳಿದರು. ಆದರೆ ಒಂದು ದಿನ ಲಿಂಗದಹಳ್ಳಿ ಕಡೆಯಿಂದ ಬಂದ ಲಾರಿಯಿಂದ ದಿಮ್ಮಿ ಇಳಿಸುವಾಗ ಹಗ್ಗ ತುಂಡಾಗಿ ಒಂದು ದಿಮ್ಮಿ ಉರುಳಿತು. ಅದರ ದಾರಿಯಲ್ಲಿ ಮುನಿಯಪ್ಪ ಬೆನ್ನು ತಿರುಗಿಸಿ ನಿಂತಿದ್ದ. ಆಳುಗಳೆಲ್ಲ ಮುನಿಯಪ್ಪ, ಮುನಿಯಪ್ಪ ಎಂದು ಅರಚಿದರೂ ಅವನು ತಿರುಗಲಿಲ್ಲ. ಆಗ ಯಾರೋ ಕರಿಯಣ್ಣ ಎಂದು ಕೂಗಿದರು. ಅವನು ಚಂಗನೆ ಹಾರಿ ಪಕ್ಕಕ್ಕೆ ಬಿದ್ದ. ದಿಮ್ಮಿ ಅವನ ಕಾಲಿನ ಪಕ್ಕದಲ್ಲೇ ಉರುಳಿ ಹೋಗಿ ಗೋಡೆಗೆ ಬಡಿಯಿತು. ಕೂಗಿದ್ದು ಯಾರೆಂದು ಓಂಕಾರಮೂರ್ತಿ ಎಲ್ಲರನ್ನೂ ಕೇಳಿದರು. ನಾನೆಂದು ಯಾರೂ ಒಪ್ಪಿಕೊಳ್ಳಲಿಲ್ಲ.

ಮುನಿಯಪ್ಪ ನೆಲದ ಮೇಲೆ ಕೂತೇ, “ಅಣ್ಣ ಇನ್ನೂ ಹೋಗಿಲ್ಲ ಸಾರ್” ಅಂದ.

ಅವತ್ತೇ ಓಂಕಾರಮೂರ್ತಿ ಭಾಗಮ್ಮನಿಗೆ ಹೇಳಿಕಳಿಸಿದರು, ಇನ್ನು ಯಾರಿಗೂ ಹೆದರಬೇಕಾಗಿಲ್ಲ, ತಿಥಿ ಮಾಡಿ ಎಂದು. ಮುಂದಿನ ಭಾನುವಾರ ತಾವೂ ಈರಣ್ಣನನ್ನು ಕರೆದುಕೊಂಡು ಶಿವನಿಗೆ ಹೋದರು. ಅವರು ಹೊರಡುವಾಗ ವಿಮಲಮ್ಮ, ಅಲ್ಲಿ ಊಟ ಗೀಟ ಮಾಡಿ ಬಂದರೆ ಜನ ಏನಂದಾರು ಎಂದು ಮಾತ್ರ ಕೇಳಿದಳು. ಅವರು ಊಟ ಮಾಡಿಯೇ ಬಂದರು.

ಊಟಕ್ಕೆ ಮುಂಚೆ ಎಲ್ಲರೂ ಕೆರೆ ಏರಿಯ ಆಚೆ ಹೋದರು. ಮುನಿಯಪ್ಪ ಗುಡ್ಡೆಯ ಮೇಲಿನ ಮುಳ್ಳು ತೆಗೆದು, ಮಣ್ಣು ಸರಿಮಾಡಿ, ಎಲೆ ಹಾಕಿ ಎಡೆ ಇಟ್ಟ. ಅಣ್ಣ ಇಷ್ಟಪಡುತ್ತಿದ್ದ ಕಡ್ಲೆಪುರಿ, ಬೀಡಿ ಕಟ್ಟು, ಅನ್ನ, ಸಾರು. ಊದುಬತ್ತಿ ಹಚ್ಚಿ ಎಲ್ಲರೂ ಕೈ ಮುಗಿದರು. ಇನ್ನು ಹಿಂದೆ ತಿರುಗಿ ನೋಡದೆ ಹೋಗಬೇಕು ಎಂದು ಹಿರಿಯನೊಬ್ಬ ಹೇಳಿದ. ಸಾಲಾಗಿ ಹೊರಟರು, ಮುಂದೆ ಭಾಗಮ್ಮ, ನಡುವೆ ಜನ, ಕೊನೆಗೆ ಓಂಕಾರಮೂರ್ತಿ.

ಹೊಂಗೆಯ ಎಲೆ ಒಣಗಿ ನೆಲವೆಲ್ಲ ಹರಡಿತ್ತು. ಮರ ದಾಟಿ ಸ್ವಲ್ಪ ದೂರ ಬಂದ ಮೇಲೆ ತನ್ನ ಹಿಂದೆಯೂ ಯಾರೋ ಎಲೆ ತುಳಿದು ಬರುತ್ತಿರುವುದು ಓಂಕಾರಮೂರ್ತಿಗೆ ಕೇಳಿಸಿತು. ನಿಧಾನದ ಹೆಜ್ಜೆ, ಭಾರದ ಹೆಜ್ಜೆ, ದಿನವಿಡೀ ದಿಮ್ಮಿ ಹೊತ್ತವರು ನಡೆಯುವ ಹಾಗೆ. ಅವರು ತಿರುಗಲಿಲ್ಲ. ಏರಿ ಹತ್ತುವ ಜಾಗಕ್ಕೆ ಬಂದಾಗ ಆ ಹೆಜ್ಜೆ ನಿಂತಿತು. ಮುಂದೆ ಭಾಗಮ್ಮನೂ ನಿಂತಳು. ಅವಳಿಗೂ ಕೇಳಿಸಿರಬೇಕು. ಹಿಂದೆ ನೋಡದೆಯೇ “ಹೋಗ್‌ಬನ್ನಿ” ಅಂದಳು. ಆಮೇಲೆ ಅಲ್ಲೇ ಕುಸಿದು ಕೂತು ಊರಿಗೆಲ್ಲ ಕೇಳುವಂತೆ ಅತ್ತಳು. ಗಂಡ ಸತ್ತು ಅಷ್ಟು ತಿಂಗಳಾದ ಮೇಲೆ ಅವಳು ಬಾಯಿ ಬಿಟ್ಟು ಅತ್ತದ್ದು ಅದೇ ಮೊದಲು ಎಂದು ಪಕ್ಕದವರು ಹೇಳಿದರು.

ತೀರ್ಥಪ್ಪನವರಿಗೆ ವಿಷಯ ಮುಟ್ಟಿ ಅವರು ಕಡೂರಿನಿಂದ ಓಡಿ ಬಂದು ಕೂಗಾಡಿದರು. ಓಂಕಾರಮೂರ್ತಿ ಲೇಬರ್ ಇನ್‌ಸ್ಪೆಕ್ಟರ ಹೆಸರೆತ್ತಿದ ಮೇಲೆ ಭಾಗಮ್ಮನಿಗೆ ಬರಬೇಕಾದ್ದು ಬಂತು, ಹಲ್ಲು ಕಚ್ಚಿಕೊಂಡೇ ಕೊಟ್ಟರು. ದೀಪಾವಳಿಯ ಹೊತ್ತಿಗೆ ಬೇರೆ ಮ್ಯಾನೇಜರು ಬರುತ್ತಾರೆಂದು ಹೇಳಿ ಓಂಕಾರಮೂರ್ತಿಯವರನ್ನು ಬಿಡಿಸಿದರು. ಅವರು ಅಜ್ಜಂಪುರಕ್ಕೆ ಬಂದು ಬಿತ್ತನೆಬೀಜ, ಗೊಬ್ಬರದ ಒಂದು ಅಂಗಡಿ ಇಟ್ಟರು. ವಿಮಲಮ್ಮ ಕೆಲವು ದಿನ ಮುನಿಸಿಕೊಂಡಿದ್ದು, ಗಂಡ ಮನೆಯಲ್ಲೇ ಇರುತ್ತಾನಲ್ಲ ಎಂದು ಸಮಾಧಾನಗೊಂಡಳು.

ಮುನಿಯಪ್ಪ ಒಂದು ವರ್ಷ ಮಿಲ್ಲಿನಲ್ಲೇ ದಿನಗೂಲಿಗೆ ದುಡಿದ. ಆಮೇಲೆ ಶಿವನಿಗೆ ಹಿಂದಿರುಗಿ ಅತ್ತಿಗೆಯ ಜೊತೆ ಗುತ್ತಿಗೆಗೆ ಹೊಲ ಮಾಡಿದ, ಮದುವೆಯಾದ. ಮಳೆಗಾಲಕ್ಕೆ ಮುಂಚೆ ಬೀಜಕ್ಕೆಂದು ಅಂಗಡಿಗೆ ಬರುತ್ತಿದ್ದ. ಓಂಕಾರಮೂರ್ತಿ ಟೀ ತರಿಸುತ್ತಿದ್ದರು. ಇಬ್ಬರೂ ಮಳೆಯ ಮಾತು, ಬೆಲೆಯ ಮಾತು ಆಡುತ್ತಿದ್ದರು. ಆ ವಿಷಯವನ್ನು ಅವನು ಎತ್ತಲಿಲ್ಲ, ಅವರೂ ಕೇಳಲಿಲ್ಲ. ಟೀ ಮುಗಿಸಿ ಮೂಟೆಯನ್ನು ಹೆಗಲಿಗೇರಿಸಿಕೊಂಡು ಅವನು ರೈಲಿನ ಕಡೆಗೆ ಹೋಗುತ್ತಿದ್ದ.